ಭಾಗವತರು ಹೋದ ಮೇಲೆ ಚಾರ್ಜು ಯಾರಿಗೆ?

ದೀಪಾವಳಿಗೆ ಮುಂಚಿನ ವಾರಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಸೊಸೈಟಿಗಳ ಜಗಲಿಯಲ್ಲಿ ಒಂದು ವಿಶಿಷ್ಟ ವರ್ಗಾವಣೆ ಪಟ್ಟಿಯ ಚರ್ಚೆ ನಡೆಯುತ್ತದೆ. ಅದು ತಹಶೀಲ್ದಾರರ ವರ್ಗಾವಣೆಯಲ್ಲ. ಈ ವರ್ಷ ಯಾವ ಭಾಗವತರು ಯಾವ ಮೇಳಕ್ಕೆ, ಅವರ ಜೊತೆಗಿದ್ದ ಮದ್ದಳೆಗಾರರು ಹೋದರೋ ಉಳಿದರೋ, ಚೆಂಡೆಗೆ ಯಾರು ಬಂದರು ಎಂಬುದೇ ಅಲ್ಲಿಯ ವಿಷಯ. ವೇಷಧಾರಿಗಳ ವಿಚಾರ ಆಮೇಲಿನದು. ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳ ಪ್ರೇಕ್ಷಕನಿಗೆ ಹಿಮ್ಮೇಳವೆಂದರೆ ಪಕ್ಕವಾದ್ಯವಲ್ಲ. ಮಳೆಗಾಲದಲ್ಲಿ ಮನೆಮನೆಗಳ ಜಗಲಿಯಲ್ಲಿ ವೇಷವಿಲ್ಲದ ತಾಳಮದ್ದಳೆಯನ್ನು ಕೇಳಿ ಬೆಳೆದ ಕಿವಿ ಅವನದು. ಭಾಗವತನೇ ಮೊದಲ ವೇಷ ಎಂಬ ಹಳೆಯ ಮಾತನ್ನು ಅವನು ಅಕ್ಷರಶಃ ನಂಬುತ್ತಾನೆ.

ಈ ಪಟ್ಟಿಯಲ್ಲಿ ಒಂದು ಹೆಸರು ಎಂದೂ ಚರ್ಚೆಗೆ ಬರುವುದಿಲ್ಲ. ಅದು ಚೆಂಡೆಗಾರನಿಗೆ ಚೆಂಡೆ ಕಲಿಸಿದವರ ಹೆಸರು.

ಶಿರಸಿ ತಾಲ್ಲೂಕಿನ ಹನುಮಂತಿಯಲ್ಲಿ 1940ರಲ್ಲಿ ಹುಟ್ಟಿ, 2020ರ ಜನವರಿ 7ರಂದು ತೀರಿಕೊಂಡ ಹೊಸ್ತೋಟ ಮಂಜುನಾಥ ಭಾಗವತರು ಅಂಥವರಲ್ಲಿ ಹಿರಿಯರು. ಭಾಗವತಿಕೆ, ಚೆಂಡೆ, ಮದ್ದಳೆ, ಕುಣಿತ ಎಲ್ಲವನ್ನೂ ಒಬ್ಬರೇ ಕಲಿಸಬಲ್ಲವರಾಗಿದ್ದರು. ಇದು ಹೇಳಿದಷ್ಟು ಸುಲಭದ ಮಾತಲ್ಲ. ಚೆನ್ನಾಗಿ ಹಾಡುವವರಿಗೆ ಚೆಂಡೆಯ ಬಿಡ್ತಿಗೆ ಹೇಳಿಕೊಡಲು ಬರುವುದಿಲ್ಲ. ಮದ್ದಳೆಯಲ್ಲಿ ಪಳಗಿದ ಕೈಗೆ ಹೆಜ್ಜೆ ತಿದ್ದುವ ತಾಳ್ಮೆ ಇರುವುದಿಲ್ಲ. ಪದ್ಯದ ಎತ್ತುಗಡೆಯಿಂದ ಮುಕ್ತಾಯದವರೆಗೆ ಹಾಡು, ವಾದನ, ಹೆಜ್ಜೆ ಮೂರೂ ಒಂದೇ ಲೆಕ್ಕದಲ್ಲಿ ಸಾಗುವುದನ್ನು ಇಡಿಯಾಗಿ ಕಂಡವರು ಮಾತ್ರ ಅದನ್ನು ಬಿಡಿಸಿ ತೋರಿಸಬಲ್ಲರು. ಹೊಸ್ತೋಟರು ಕಂಡಿದ್ದರು. ಮದುವೆಯಾಗದೆ, ಒಂದೆಡೆ ನೆಲೆಯೂರದೆ, ಕರೆದ ಊರಿಗೆ ಹೋಗಿ ಕಲಿಸಿದರು. ನೂರಕ್ಕೂ ಹೆಚ್ಚು ಪ್ರಸಂಗಗಳನ್ನು ಬರೆದರು.

ಅವರ ಕೆಲಸದಲ್ಲಿ ನನಗೆ ಅತ್ಯಂತ ದೊಡ್ಡದೆನಿಸುವುದು ಶಿವಮೊಗ್ಗದಲ್ಲಿ ದೃಷ್ಟಿಯಿಲ್ಲದ ಮಕ್ಕಳಿಗೆ ಯಕ್ಷಗಾನ ಕಲಿಸಿ ಅವರನ್ನು ರಂಗಕ್ಕೆ ತಂದದ್ದು. ನಮ್ಮ ಕಲಾಶಿಕ್ಷಣದ ಬಹುಪಾಲು 'ನಾನು ಮಾಡಿದಂತೆ ಮಾಡು' ಎಂಬುದರಲ್ಲೇ ಮುಗಿಯುತ್ತದೆ. ಗುರುವನ್ನು ನೋಡಲಾಗದ ಶಿಷ್ಯನ ಮುಂದೆ ಈ ವಿಧಾನ ಕುಸಿಯುತ್ತದೆ. ಆಗ ಗುರು ತನಗೆ ಗೊತ್ತಿರುವುದನ್ನು ಮಾತಾಗಿ, ಬಾಯಿತಾಳವಾಗಿ, ಕೈಹಿಡಿದು ತೋರುವ ಸ್ಪರ್ಶವಾಗಿ ಒಡೆದು ಕೊಡಬೇಕು. ಹಾಗೆ ಕೊಡಬಲ್ಲವನೇ ಶಿಕ್ಷಕ, ಉಳಿದವರು ಕಲಾವಿದರು. ಎರಡೂ ಗೌರವದ ಪದಗಳೇ, ಆದರೆ ಒಂದೇ ಅಲ್ಲ.

ಹೊಸ್ತೋಟರ ಅಗಲಿಕೆಗೆ ಕೆಲವೇ ತಿಂಗಳ ಮೊದಲು, 2019ರ ಮೇ ತಿಂಗಳಲ್ಲಿ, ಕೆರೆಮನೆ ಮೇಳದ ಬೆನ್ನೆಲುಬಾಗಿದ್ದ ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು ಹೋದರು. 2020ರ ಅಕ್ಟೋಬರಿನಲ್ಲಿ ಏರುಮದ್ದಳೆಯನ್ನು ರೂಢಿಗೆ ತಂದ ಶತಾಯುಷಿ ಹಿರಿಯಡಕ ಗೋಪಾಲ ರಾಯರು ಹೋದರು. 2024ರ ಏಪ್ರಿಲಿನಲ್ಲಿ ಸುಬ್ರಹ್ಮಣ್ಯ ಧಾರೇಶ್ವರರೂ ಹೋದರು. ಐದು ವರ್ಷಗಳ ಅಂತರದಲ್ಲಿ ಬಡಗುತಿಟ್ಟಿನ ಹಿಮ್ಮೇಳ ಇಷ್ಟು ಮಂದಿಯನ್ನು ಕಳೆದುಕೊಂಡಿತು. ಪ್ರತಿ ಬಾರಿಯೂ 'ತುಂಬಲಾರದ ನಷ್ಟ' ಎಂಬ ಹೇಳಿಕೆ ಹೊರಬಿತ್ತು. ಆಡಳಿತದಲ್ಲಿ ಮೂರು ದಶಕ ಕಳೆದ ನನಗೆ ಈ ನುಡಿಗಟ್ಟಿನ ಬಗ್ಗೆ ಸಂಶಯವಿದೆ. ನಷ್ಟ ತುಂಬಲಾರದ್ದು ಎಂದು ಘೋಷಿಸಿಬಿಟ್ಟರೆ ಅದನ್ನು ತುಂಬುವ ಹೊಣೆಯಿಂದ ಎಲ್ಲರೂ ಪಾರಾಗುತ್ತಾರೆ.

ಸರ್ಕಾರಿ ಕಚೇರಿಯಲ್ಲಿ ಒಬ್ಬ ಗುಮಾಸ್ತ ವರ್ಗವಾದರೂ ಚಾರ್ಜು ಪಟ್ಟಿ ತಯಾರಾಗುತ್ತದೆ. ಕಡತ ಎಷ್ಟು, ಬೀರುವಿನ ಕೀಲಿ ಯಾರ ಬಳಿ, ಬಾಕಿ ಏನು ಎಂಬುದಕ್ಕೆ ಕೊಟ್ಟವರೂ ಪಡೆದವರೂ ಸಹಿ ಹಾಕುತ್ತಾರೆ. ನಾವು ಹಾಸ್ಯ ಮಾಡುವ ಈ ಕೆಂಪುಪಟ್ಟಿಯಲ್ಲಿ ಒಂದು ವಿವೇಕವಿದೆ: ವ್ಯಕ್ತಿ ಹೋಗುತ್ತಾನೆ, ಕೆಲಸ ಹೋಗಕೂಡದು. ಯಕ್ಷಗಾನಕ್ಕೂ ಅಂಥದೊಂದು ಚಾರ್ಜು ಪಟ್ಟಿ ಇತ್ತು. ಇಡೀ ರಾತ್ರಿಯ ಆಟವೇ ಆ ಪಟ್ಟಿ.

ಆಟ ಬೆಳಗಿನವರೆಗೆ ನಡೆಯುತ್ತಿದ್ದಾಗ ಮುಖ್ಯ ಭಾಗವತರು ಮೊದಲಿನಿಂದ ಕೊನೆಯವರೆಗೆ ಹಾಡುತ್ತಿರಲಿಲ್ಲ, ಹಾಡಲೂ ಆಗದು. ಪೂರ್ವರಂಗವನ್ನು, ಪ್ರಸಂಗದ ಮೊದಲ ಭಾಗವನ್ನು ಕಿರಿಯರು ನಡೆಸುತ್ತಿದ್ದರು. ಕೋಡಂಗಿ, ಬಾಲಗೋಪಾಲರ ಕುಣಿತಕ್ಕೆ ಎಳೆಯ ಚೆಂಡೆಗಾರ ಕೋಲು ಹಿಡಿಯುತ್ತಿದ್ದ. ತಪ್ಪಿದರೆ ಸಭೆ ಕ್ಷಮಿಸುತ್ತಿತ್ತು, ಚೌಕಿಯಲ್ಲಿ ಹಿರಿಯರು ಕ್ಷಮಿಸುತ್ತಿರಲಿಲ್ಲ. ನಡುರಾತ್ರಿಯ ಮೇಲೆ ಹಿರಿಯರು ಬಂದು ಕೂತಾಗ ಅವನು ಪಕ್ಕದಲ್ಲಿದ್ದು ಕೇಳುತ್ತಿದ್ದ. ಒಂದು ತಿರುಗಾಟದಲ್ಲಿ ನೂರಕ್ಕೂ ಮಿಕ್ಕ ರಾತ್ರಿ ಹೀಗೆ ಕಳೆದವನಿಗೆ ಬೇರೆ ಶಾಲೆ ಬೇಕಾಗಿರಲಿಲ್ಲ.

ಈಗ ಆಟಗಳು ಹೆಚ್ಚಾಗಿ ಕಾಲಮಿತಿಯವು. ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯುತ್ತವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದ 2000ದ ನಿಯಮಗಳೂ, ಮರುದಿನ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರೂ ಇದಕ್ಕೆ ಕಾರಣ. ಇಡೀ ರಾತ್ರಿ ಕೂರಲು ನನ್ನ ಬೆನ್ನೂ ಈಗ ಒಪ್ಪುವುದಿಲ್ಲವಾದ್ದರಿಂದ ಕಾಲಮಿತಿಯನ್ನು ನಾನು ದೂರಲಾರೆ. ಆದರೆ ಮೂರು ಗಂಟೆಯ ಆಟದಲ್ಲಿ ಮೊದಲು ಕತ್ತರಿ ಬಿದ್ದದ್ದು ಕಲಿಯುವವನ ಪಾಲಿಗೆ. ಜನ ದುಡ್ಡು ಕೊಟ್ಟು ಬಂದಿರುವುದು ಹೆಸರುವಾಸಿಗಳನ್ನು ಕೇಳಲು. ಎಳೆಯನಿಗೆ ಅಲ್ಲಿ ಅರ್ಧ ಗಂಟೆ ಕೊಡಲು ಯಾವ ಯಜಮಾನನೂ ಸಿದ್ಧನಿಲ್ಲ.

ಇಲ್ಲಿ ಅರ್ಥಶಾಸ್ತ್ರದ ಒಂದು ಹಳೆಯ ಪಾಠ ಉಪಯುಕ್ತ. ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ ಮಾನವ ಬಂಡವಾಳದ ಕುರಿತ ಗ್ರಂಥದಲ್ಲಿ ತರಬೇತಿಯನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಂದು ಸಂಸ್ಥೆಗೆ ಮಾತ್ರ ಉಪಯೋಗವಾಗುವ ತರಬೇತಿಗೆ ಆ ಸಂಸ್ಥೆ ಹಣ ಹಾಕುತ್ತದೆ. ಎಲ್ಲಿ ಹೋದರೂ ಸಲ್ಲುವ ತರಬೇತಿಗೆ ಯಾರೂ ಹಾಕುವುದಿಲ್ಲ, ಏಕೆಂದರೆ ಕಲಿತವನನ್ನು ಎದುರಾಳಿ ಕರೆದೊಯ್ಯಬಹುದು. ಅದರ ವೆಚ್ಚವನ್ನು ಕಲಿಯುವವನೇ ಕಡಿಮೆ ಸಂಬಳದ ರೂಪದಲ್ಲಿ ಭರಿಸಬೇಕಾಗುತ್ತದೆ. ಚೆಂಡೆಯ ವಿದ್ಯೆ ಎರಡನೆಯ ಬಗೆಯದು. ಒಂದು ಮೇಳದಲ್ಲಿ ಪಳಗಿದವನು ಮುಂದಿನ ವರ್ಷ ಮುಂಗಡ ಪಡೆದು ಇನ್ನೊಂದಕ್ಕೆ ಹೋಗುತ್ತಾನೆ. ಹೋಗುವುದು ಅವನ ಹಕ್ಕು. ಹಿಂದೆ ಅವನು ಅಲ್ಪ ಸಂಬಳಕ್ಕೆ ದುಡಿದು ಕಲಿಕೆಯ ವೆಚ್ಚ ತೀರಿಸುತ್ತಿದ್ದ. ಆ ಕಿರಿಯ ಸ್ಥಾನವೇ ಇಲ್ಲವಾದ ಮೇಲೆ ವೆಚ್ಚವೆಲ್ಲ ಹೊಸ್ತೋಟರಂಥವರ ತಲೆಯ ಮೇಲೆ ಬಂತು. ಅವರು ಅದನ್ನು ಸನ್ಯಾಸಿಯ ಬದುಕಿನಿಂದ ಭರಿಸಿದರು. ಒಂದು ಕಲೆಯ ಶಿಕ್ಷಣ ವ್ಯವಸ್ಥೆ ಸನ್ಯಾಸಿಗಳ ಸರಬರಾಜನ್ನು ನೆಚ್ಚಿಕೊಂಡಿರುವುದು ಒಳ್ಳೆಯ ಆರ್ಥಿಕ ಯೋಜನೆಯಲ್ಲ.

ಧ್ವನಿಮುದ್ರಣ ಇದೆಯಲ್ಲ, ಅಂತರ್ಜಾಲದಲ್ಲಿ ಎಲ್ಲರ ಹಾಡೂ ಸಿಗುತ್ತದೆಯಲ್ಲ ಎನ್ನುವವರಿದ್ದಾರೆ. ಅವರು ಕಾಳಿಂಗ ನಾವಡರ ನಂತರ ನಡೆದದ್ದನ್ನು ನೆನೆಯಬೇಕು. ನಾರ್ಣಪ್ಪ ಉಪ್ಪೂರರ ಬಳಿ ಪಳಗಿದ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತರ ಆಸುಪಾಸಿನಲ್ಲಿದ್ದರು. ಅವರ ಕ್ಯಾಸೆಟ್ಟುಗಳು ಮನೆಮನೆಯಲ್ಲಿದ್ದವು. ಮುಂದಿನ ಹಲವು ವರ್ಷ ಎಳೆಯ ಭಾಗವತರ ಕಂಠದಲ್ಲೆಲ್ಲ ನಾವಡರ ಛಾಯೆಯೇ ಕೇಳಿಬಂತು. ಕ್ಯಾಸೆಟ್ಟು ಅವರ ಶಾರೀರವನ್ನು ಹಂಚಿತು, ಆ ಶಾರೀರದ ಹಿಂದಿದ್ದ ಉಪ್ಪೂರರ ಶಿಸ್ತನ್ನು ಹಂಚಲಿಲ್ಲ. ತ್ರಿವುಡೆಯಲ್ಲಿ ನೀನು ಎಲ್ಲಿ ಜಾರಿದೆ ಎಂದು ಯಾವ ಯಂತ್ರವೂ ಕೋಲು ಹಿಡಿದು ನಿಲ್ಲಿಸುವುದಿಲ್ಲ.

ಹೀಗಲ್ಲದ ದಾರಿಯೂ ನಮ್ಮ ಜಿಲ್ಲೆಯಲ್ಲೇ ಇದೆ. ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಜೊತೆಗೆ ಅವರ ಮಗ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರವನ್ನು ಕಟ್ಟಿದರು. 2009ರ ಫೆಬ್ರವರಿಯಲ್ಲಿ ಶಂಭು ಹೆಗಡೆಯವರು ತೀರಿಕೊಂಡರು. ಮೇಳ ನಿಲ್ಲಲಿಲ್ಲ. ಮಗ ಶಿವಾನಂದ ಹೆಗಡೆಯವರು ಮುಂದುವರಿಸಿದರು ಎಂಬುದು ಅರ್ಧ ಉತ್ತರ. ಆಟ ಆಡುವ ಮನೆಯ ಪಕ್ಕದಲ್ಲೇ ಕಲಿಸುವ ಮನೆಯೂ ಇತ್ತು ಎಂಬುದು ಉಳಿದರ್ಧ. ಉಡುಪಿಯಲ್ಲಿ 1971ರಿಂದ ನಡೆದುಬಂದ ಯಕ್ಷಗಾನ ಕೇಂದ್ರದ ಕಥೆಯೂ ಇದೇ: ಹಿರಿಯ ಗುರುಗಳು ಒಬ್ಬೊಬ್ಬರಾಗಿ ಹೋದರೂ ಅಲ್ಲಿ ಕಲಿತವರೇ ಗುರುಪೀಠಕ್ಕೆ ಬಂದರು.

ಘಟ್ಟದ ಮೇಲೆ ಆಸಕ್ತಿಗೆ ಕೊರತೆಯಿಲ್ಲ. ಸಿದ್ದಾಪುರದ ಕೇಶವ ಹೆಗಡೆ ಕೊಳಗಿಯವರಂಥ ಭಾಗವತರು, ಯಲ್ಲಾಪುರದ ಶಂಕರ ಭಾಗವತರಂಥ ಮದ್ದಳೆಗಾರರು ಈ ಸೀಮೆಯವರೇ. ಊರೂರಿನ ಶಾಲೆಗಳಲ್ಲಿ, ದೇವಸ್ಥಾನಗಳಲ್ಲಿ ವಾರಕ್ಕೊಮ್ಮೆ ತರಗತಿಗಳು ನಡೆಯುತ್ತವೆ. ಆದರೆ ಇವು ಒಬ್ಬೊಬ್ಬ ವ್ಯಕ್ತಿಯನ್ನೇ ಅವಲಂಬಿಸಿದವು. ಆತನಿಗೆ ಒಳ್ಳೆಯ ಮೇಳದ ಕರೆ ಬಂದರೆ ಅಥವಾ ಮೊಣಕಾಲು ಸೋತರೆ ತರಗತಿಗೆ ಬೀಗ. ಹೊಸಬ ಬಂದರೂ ಮೊದಲ ಪಾಠದಿಂದ, ಬೇರೆ ಮಟ್ಟಿನಲ್ಲಿ ಆರಂಭಿಸುತ್ತಾನೆ. ಮಕ್ಕಳು ಮೂರು ವರ್ಷದಲ್ಲಿ ಮೂರು ಬಾರಿ ಏಕತಾಳ ಕಲಿಯುತ್ತಾರೆ, ಝಂಪೆಗೆ ಬರುವುದೇ ಇಲ್ಲ.

ಪ್ರಶಸ್ತಿಗಳಿಗೆ ಕೊಡುವ ಹಣದ ಒಂದಂಶದಿಂದ ಪ್ರತಿ ತಾಲ್ಲೂಕಿಗೆ ಒಬ್ಬ ಹಿಮ್ಮೇಳ ಗುರುವಿಗೆ ಖಾಯಂ ಮಾಸಿಕ ಗೌರವಧನ ಕೊಡಲು ಯಕ್ಷಗಾನ ಅಕಾಡೆಮಿ ಯೋಚಿಸಬೇಕು. ಗುರು ಬದಲಾಗುವ ವರ್ಷ ಹಳಬರೂ ಹೊಸಬರೂ ಕೂಡಿ ಕಲಿಸಬೇಕೆಂಬ ನಿಬಂಧನೆ ಅದಕ್ಕೆ ಇರಲಿ. ಎರಡು ಸಂಬಳದ ಆ ಒಂದು ವರ್ಷವನ್ನು ಲೆಕ್ಕ ಪರಿಶೋಧಕರು ಖಂಡಿತ ಪ್ರಶ್ನಿಸುತ್ತಾರೆ. ಉತ್ತರ ಬರೆದುಕೊಡಲು ನಾನು ಸಿದ್ಧ. ಅಡಿಕೆಯಿಂದ ಬೆಳೆದ ಇಲ್ಲಿಯ ಸಹಕಾರಿ ಸಂಘಗಳೂ ಇದಕ್ಕೆ ಕೈಹಚ್ಚಬಹುದು. ಸದಸ್ಯರ ಮನರಂಜನೆಗೆ ಆಟ ಆಡಿಸುವ ಸಂಘಕ್ಕೆ ಕಲಿಸುವವರ ಖರ್ಚು ಹೊರಗಿನದಾಗಬೇಕಿಲ್ಲ.

ಮೇಳದ ಯಜಮಾನರು ಮಾಡಬಹುದಾದದ್ದು ಇನ್ನೂ ಸರಳ. ಕಾಲಮಿತಿಯ ಆಟದ ಮೊದಲ ಅರ್ಧ ಗಂಟೆ ಕಿರಿಯ ಹಿಮ್ಮೇಳಕ್ಕೆ ಮೀಸಲು, ಆ ಹೊತ್ತಿನಲ್ಲಿ ಹಿರಿಯರು ಹಿಂದೆ ಕೂತು ಕೇಳಬೇಕು ಎಂದು ಮುಂಗಡ ಕೊಡುವಾಗಲೇ ಮಾತಾಡಿಕೊಂಡರೆ ಸಾಕು. ಅದಕ್ಕೆ ಸರ್ಕಾರದ ಆದೇಶವಾಗಲಿ ಅನುದಾನವಾಗಲಿ ಬೇಕಿಲ್ಲ. ಮುಂದಿನ ತಿರುಗಾಟದ ಮಾತುಕತೆ ಹೇಗೂ ಮಳೆಗಾಲದಲ್ಲೇ ಆರಂಭವಾಗುತ್ತದೆ.