ಬ್ಯಾಟರಿಗೂ ಬೇಕು ಮಿತಾಹಾರ

ಮೊಬೈಲನ್ನು ಪೂರ್ತಿ ಬರಿದಾಗಿಸಿಯೇ ಚಾರ್ಜ್ ಮಾಡಬೇಕೆಂಬ ಉಪದೇಶ ನಿಕ್ಕಲ್-ಕ್ಯಾಡ್ಮಿಯಂ ಕಾಲದ್ದು. 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಗೆ ಅದು ಅಪಥ್ಯ. ಬಳಕೆಗೆ ಯೋಗ್ಯವಾದ ಫೋನನ್ನು ಬ್ಯಾಟರಿ ಸೊರಗಿತೆಂದು ಎಸೆಯುವುದು ನನಗಂತೂ ಸರಿಕಾಣದು.

ಪೂರ್ತಿ ತುಂಬಿದಾಗ ಕೋಶದ ವೋಲ್ಟೇಜು ಸಾಮಾನ್ಯವಾಗಿ 4.2ರ ಆಸುಪಾಸಿಗೆ ಏರುತ್ತದೆ. ಆ ಸ್ಥಿತಿಯಲ್ಲಿ, ಅದರಲ್ಲೂ ಬಿಸಿಯಲ್ಲಿ, ಒಳಗಿನ ಎಲೆಕ್ಟ್ರೊಲೈಟ್ ಬೇಗ ಕೆಡುತ್ತದೆ. ಆದ್ದರಿಂದ ನಿತ್ಯವೂ ಶೇಕಡಾ 20ರಿಂದ 80ರೊಳಗೆ ಇರಿಸಿಕೊಳ್ಳುವುದು ಮೇಲು. ಪ್ರಯಾಣದ ದಿನ ನೂರಕ್ಕೇರಿಸಿದರೆ ಪ್ರಳಯವೇನೂ ಆಗದು! ದಿಂಬಿನಡಿ ಇಟ್ಟು ಚಾರ್ಜ್ ಮಾಡುವುದು ಮಾತ್ರ ಬೇಡವೇ ಬೇಡ.

ಬೀರುವಿನಲ್ಲಿ ಎತ್ತಿಡುವ ಲ್ಯಾಪ್‌ಟಾಪನ್ನು ಅರ್ಧದಷ್ಟು ತುಂಬಿಸಿ, ಆರಿಸಿ, ತಂಪಾದ ಒಣ ಜಾಗದಲ್ಲಿಡಿ. ಬರಿದಾಗಿಟ್ಟರೆ ತಾನಾಗಿಯೇ ಇನ್ನಷ್ಟು ಸೋರಿ, ಮತ್ತೆ ಏಳದೆಯೇ ಹೋಗಬಹುದು. ಕೆಲವು ತಿಂಗಳಿಗೊಮ್ಮೆ ತೆಗೆದು ನೋಡಿ. ಉಬ್ಬಿದ್ದರೆ ಚಾರ್ಜಿಗೆ ಹಾಕದೆ ದುರಸ್ತಿಯವರಿಗೆ ಒಪ್ಪಿಸಿ.