ಹೊಸ ಪ್ರೊಸೆಸರ್ ಯಾರ ಉದ್ಧಾರಕ್ಕೆ?

ಕಾರವಾರದಲ್ಲಿ ಕೇಳಿ, ಅಂಕೋಲೆಯಲ್ಲಿ ಕೇಳಿ, ಒಂದೇ ಮಂತ್ರ: "ಏಳನೇ ಜನರೇಶನ್ನಾ? ಹೊಸದೇ ತಗೊಳ್ಳಿ."

ಯಾಕೆ ಮಾರಾಯ್ರೇ? ಚಿಪ್ ಕೆಟ್ಟಿಲ್ಲ. 2021ರಲ್ಲಿ ಬಂದ ವಿಂಡೋಸ್ 11, ಇಂಟೆಲ್ ಎಂಟನೇ ಜನರೇಶನ್‌ಗಿಂತ ಹಳೆಯವನ್ನು ಒಂದೆರಡು ಬಿಟ್ಟು ಒಲ್ಲೆ ಎಂದಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅಷ್ಟೇ!

ಸುರಕ್ಷತೆಯ ಅಪ್‌ಡೇಟ್ ಇಲ್ಲದೆ ಬ್ಯಾಂಕ್ ವ್ಯವಹಾರ ಮಾಡಬಾರದು, ಒಪ್ಪಿದೆ. ಅದಕ್ಕೆ ಸಾವಿರಾರು ರೂಪಾಯಿ ಸುರಿಯಬೇಕೇ? ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿ ಮಾಡಿ, ಉಬುಂಟು ಹಾಕಿ. ಕನ್ನಡ ಕೀಲಿಮಣೆಯೂ ಅದರಲ್ಲಿದೆ, ಪುಕ್ಕಟೆ. ವಿಡಿಯೋ ಎಡಿಟ್ ಮಾಡುವವರು ಬೇಕಾದರೆ ಹೊಸದು ಕೊಳ್ಳಲಿ. ಬ್ಲಾಗ್ ಬರೆಯೋಕೆ ಹಳೆಯದು ಧಾರಾಳ ಸಾಕು.

ನಮ್ಮ ಕಡಲಗಾಳಿಯ ಉಪ್ಪು ಹೊಸ ಬೋರ್ಡನ್ನೂ ತಿನ್ನುತ್ತೆ. ಅದಕ್ಕೆ ಜನರೇಶನ್ ಗೊತ್ತಿಲ್ಲ.

ಏನಂತೀರಿ?