ಪ್ರತಿಭೆಯ ಹೆಸರಿನ ರಿಯಾಯಿತಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ, ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ, ಒಂದು ಲೆಕ್ಕಾಚಾರ ಗಟ್ಟಿಯಾಗಿ ಕೂತಿರುತ್ತದೆ. ಚೆನ್ನಾಗಿ ಓದಿದವರಿಗೆ ದೊಡ್ಡ ಕಾಲೇಜು, ದೊಡ್ಡ ಕಾಲೇಜಿನಲ್ಲಿ ದೊಡ್ಡ ಸ್ಕಾಲರ್‌ಶಿಪ್. ವಾಸ್ತವ ಬಹುಮಟ್ಟಿಗೆ ಇದರ ತಲೆಕೆಳಗು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಇವು ಅಂಕ ನೋಡಿ ಒಂದು ಡಾಲರನ್ನೂ ಕೊಡುವುದಿಲ್ಲ. ಅಲ್ಲಿ ಸಿಗುವ ನೆರವೆಲ್ಲ ಕುಟುಂಬದ ಆದಾಯ, ಆಸ್ತಿ ನೋಡಿ ನಿಗದಿಯಾಗುವಂಥದ್ದು. ಅದೇ ಅಲಬಾಮಾ ವಿಶ್ವವಿದ್ಯಾಲಯ, ಇಷ್ಟು ಜಿಪಿಎ, ಇಷ್ಟು ಎಸ್‌ಎಟಿ ಅಂಕ ಇದ್ದರೆ ಇಷ್ಟು ಹಣ ಎಂಬ ಪಟ್ಟಿಯನ್ನೇ ಪ್ರಕಟಿಸಿ, ಹೊರರಾಜ್ಯದ ಮಕ್ಕಳನ್ನು ಕೈಬೀಸಿ ಕರೆಯುತ್ತದೆ.

ಯಾಕೆ ಹೀಗೆ? ಹಾರ್ವರ್ಡ್‌ಗೆ ಯಾರನ್ನೂ ಓಲೈಸಬೇಕಾದ ಅಗತ್ಯವಿಲ್ಲ. ಆದರೆ ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗಿರುವ ನೂರಾರು ಖಾಸಗಿ ಕಾಲೇಜುಗಳು ಪ್ರತಿ ವರ್ಷ ತರಗತಿ ತುಂಬಿಸಿಕೊಳ್ಳಬೇಕು, ಬಜೆಟ್ಟನ್ನೂ ಸರಿದೂಗಿಸಬೇಕು. 1970ರ ದಶಕದಲ್ಲಿ ಬಾಸ್ಟನ್ ಕಾಲೇಜಿನ ಪ್ರವೇಶ ವಿಭಾಗದ ಮುಖ್ಯಸ್ಥರಾಗಿದ್ದ ಜಾಕ್ ಮ್ಯಾಗ್ವೈರ್, ಪ್ರವೇಶ ಮತ್ತು ಹಣಕಾಸಿನ ನೆರವು ಎರಡನ್ನೂ ಒಂದೇ ಯೋಜನೆಯಡಿ ತಂದು ನಡೆಸುವ ಪದ್ಧತಿಗೆ ರೂಪ ಕೊಟ್ಟರು. ಈಗ ಅದು ಎಲ್ಲೆಡೆ ಹಬ್ಬಿದೆ. ಅದರ ಒಳಗಿನ ಗಣಿತ ಸರಳ. 20,000 ಡಾಲರನ್ನು ಬಡ ಮನೆಯ ಒಬ್ಬ ಹುಡುಗಿಗೆ ಕೊಟ್ಟರೆ ಕಾಲೇಜಿಗೆ ಒಬ್ಬಳು ಬರುತ್ತಾಳೆ, ಅವಳಿಂದ ಹೆಚ್ಚೇನೂ ಶುಲ್ಕ ಬರುವುದಿಲ್ಲ. ಅದೇ ಮೊತ್ತವನ್ನು ಐದೈದು ಸಾವಿರದಂತೆ ಅನುಕೂಲಸ್ಥರ ಮನೆಯ ನಾಲ್ವರಿಗೆ ಹಂಚಿದರೆ ನಾಲ್ವರೂ ಬರಬಹುದು, ಉಳಿದ ಶುಲ್ಕವನ್ನು ಕೈಯಿಂದಲೇ ಕಟ್ಟುತ್ತಾರೆ, ಕಾಲೇಜಿನ ಸರಾಸರಿ ಅಂಕವೂ ಏರುತ್ತದೆ. ಇಂದು ಖಾಸಗಿ ಕಾಲೇಜುಗಳು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಕೊಡುವ ಒಟ್ಟು ರಿಯಾಯಿತಿ, ಘೋಷಿತ ಬೋಧನಾ ಶುಲ್ಕದ ಅರ್ಧಕ್ಕಿಂತ ಹೆಚ್ಚು. ಅಲ್ಲಿಗೆ, ಪ್ರಕಟವಾದ ಶುಲ್ಕ ಬಹುತೇಕ ಯಾರೂ ಕಟ್ಟದ ಶುಲ್ಕ.

ಇದನ್ನು ಒಪ್ಪಿಕೊಂಡರೆ ಹುಡುಕುವ ದಾರಿಯೇ ಬದಲಾಗುತ್ತದೆ. ರ‍್ಯಾಂಕಿಂಗ್ ಪಟ್ಟಿಯನ್ನು ಪಕ್ಕಕ್ಕಿಟ್ಟು ಕಾಮನ್ ಡೇಟಾ ಸೆಟ್ ಎಂಬ ದಾಖಲೆಯನ್ನು ತೆರೆಯಬೇಕು. ಬಹಳಷ್ಟು ಕಾಲೇಜುಗಳು ಇದನ್ನು ವರ್ಷವರ್ಷವೂ ಪ್ರಕಟಿಸುತ್ತವೆ. ಅದರ ಸಿ ವಿಭಾಗದಲ್ಲಿ, ಸೇರಿದ ಮಕ್ಕಳ ಪರೀಕ್ಷಾ ಅಂಕಗಳ ಹರವು ಸಿಗುತ್ತದೆ. ನಿಮ್ಮ ಮಗಳ ಅಂಕ ಅಲ್ಲಿನ ಮೇಲಿನ ಕಾಲು ಭಾಗದೊಳಗಿದ್ದರೆ ಆ ಕಾಲೇಜಿಗೆ ಅವಳು ಬೇಕು. ನಂತರ ಎಚ್ ವಿಭಾಗದ ಎಚ್2ಎ ಸಾಲು: ಹಣದ ಅಗತ್ಯವಿಲ್ಲ ಎಂದು ಲೆಕ್ಕವಾದ ಎಷ್ಟು ಮಂದಿಗೆ ಕಾಲೇಜು ತನ್ನ ಕೈಯಿಂದ ಸ್ಕಾಲರ್‌ಶಿಪ್ ಕೊಟ್ಟಿದೆ, ಸರಾಸರಿ ಎಷ್ಟು ಎಂಬುದು ಅಲ್ಲಿರುತ್ತದೆ. ಅಂಥ 400 ಮಂದಿಯಲ್ಲಿ 350 ಮಂದಿಗೆ ತಲಾ 25,000 ಡಾಲರ್ ಸಿಕ್ಕಿದೆ ಎಂದುಕೊಳ್ಳಿ. ಅಲ್ಲಿ ಸ್ಕಾಲರ್‌ಶಿಪ್ ಸಿಗುವುದು ಹೆಚ್ಚುಕಡಿಮೆ ಖಚಿತ. ಹನ್ನೆರಡೇ ಮಂದಿಗೆ ಸಿಕ್ಕಿದ್ದರೆ ಮೊತ್ತ ಎಷ್ಟೇ ದೊಡ್ಡದಿರಲಿ, ಅದನ್ನು ನೆಚ್ಚಿಕೊಂಡು ಮನೆಯ ಲೆಕ್ಕ ಹಾಕಬಾರದು. ಈ ಎರಡು ಸಾಲು ಓದಲು ಬಂದರೆ ದುಬಾರಿ ಸಲಹೆಗಾರರ ಅರ್ಧ ಕೆಲಸ ಮುಗಿದಂತೆ.

ವೀಸಾದ ಮೇಲಿರುವ ಕುಟುಂಬಗಳಿಗೆ ಇದು ಇನ್ನೂ ಮುಖ್ಯ. ಎಚ್-4 ವೀಸಾದಲ್ಲಿ ಬೆಳೆದ ಮಕ್ಕಳಿಗೆ ಕೇಂದ್ರ ಸರ್ಕಾರದ ನೆರವು ಸಿಗುವುದಿಲ್ಲ. ಜಾರ್ಜಿಯಾದ ಹೋಪ್ ಸ್ಕಾಲರ್‌ಶಿಪ್‌ನಂಥ ರಾಜ್ಯದ ಯೋಜನೆಯೂ ಪೌರರಿಗೆ, ಗ್ರೀನ್ ಕಾರ್ಡ್ ಇರುವಂಥವರಿಗೆ ಮಾತ್ರ. ಆದರೆ ಎಷ್ಟೋ ಕಾಲೇಜುಗಳ ಸ್ವಂತ ಮೆರಿಟ್ ಹಣಕ್ಕೆ ಪೌರತ್ವದ ಷರತ್ತಿಲ್ಲ. ಟೆಕ್ಸಸ್‌ನಲ್ಲಂತೂ ಸ್ಪರ್ಧೆಯಿಂದ ಕನಿಷ್ಠ 1,000 ಡಾಲರ್ ಸ್ಕಾಲರ್‌ಶಿಪ್ ಗಳಿಸಿದ ಹೊರಗಿನವರಿಗೂ, ವಿದೇಶಿಯರಿಗೂ, ರಾಜ್ಯದವರ ಶುಲ್ಕವನ್ನೇ ವಿಧಿಸಲು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಕಾನೂನಿನಲ್ಲಿ ಅವಕಾಶವಿದೆ. ಬೆಂಗಳೂರಿನಿಂದ ನೇರವಾಗಿ ಅರ್ಜಿ ಹಾಕುವವರೂ ಇದನ್ನು ಗಮನಿಸಬೇಕು.

ಹಾಗಾದರೆ ಇದು ನ್ಯಾಯವೇ? ಹೋಪ್ ಯೋಜನೆಯ ಕಥೆಯನ್ನೇ ನೋಡಿ. 1993ರಲ್ಲಿ ಗವರ್ನರ್ ಜೆಲ್ ಮಿಲ್ಲರ್ ಲಾಟರಿ ಹಣದಿಂದ ಅದನ್ನು ಶುರುಮಾಡಿದಾಗ ವರ್ಷಕ್ಕೆ 66,000 ಡಾಲರ್ ಆದಾಯದ ಮಿತಿ ಇತ್ತು. ಮರುವರ್ಷ ಅದು 1,00,000 ಆಯಿತು, 1995ರಲ್ಲಿ ಮಿತಿಯೇ ಹೋಯಿತು. ಲಾಟರಿಗೆ ತಮ್ಮ ಗಳಿಕೆಯ ಹೆಚ್ಚು ಪಾಲು ಸುರಿಯುವವರು ಬಡವರು. ಅಂಕ ತೆಗೆಯಲು ಬೇಕಾದ ಟ್ಯೂಷನ್ನು, ಒಳ್ಳೆಯ ಶಾಲೆ ಇರುವುದು ಉಳ್ಳವರಿಗೆ. ಮೆರಿಟ್ ಹಣ ಎಲ್ಲ ಕಡೆಯೂ ಇದೇ ಇಳಿಜಾರಿನಲ್ಲಿ ಹರಿಯುತ್ತದೆ. ನನ್ನ ಮಟ್ಟಿಗೆ, ಆದಾಯ ನೋಡಿ ಕೊಡುವ ನೆರವೇ ಮೇಲು. ಹಾಗೆಂದು ಮಗಳ ನಾಲ್ಕು ವರ್ಷದ ಸಾಲ ಕಡಿಮೆ ಮಾಡಿಕೊಳ್ಳಲು ಹೊರಟ ತಾಯಿತಂದೆಯನ್ನು ದೂರುವುದು ಸಲ್ಲದು. ಪ್ರಶ್ನಿಸಬೇಕಾದದ್ದು ದರವನ್ನು ಮುಚ್ಚಿಟ್ಟು ಕೊನೆಗಳಿಗೆಯಲ್ಲಿ ತೆರೆಯುವ ಸಂಸ್ಥೆಗಳನ್ನು.

ಆ ಮುಚ್ಚುಮರೆಯಿಂದಾಗುವ ಹಾನಿ ಚಿಕ್ಕದಲ್ಲ. 2008ರ ಕಾನೂನಿನಂತೆ 2011ರ ಅಕ್ಟೋಬರ್‌ನಿಂದ ಕಾಲೇಜುಗಳೆಲ್ಲ ತಮ್ಮ ನಿವ್ವಳ ಖರ್ಚಿನ ಕ್ಯಾಲ್ಕುಲೇಟರನ್ನು ಕಡ್ಡಾಯವಾಗಿ ಒದಗಿಸಬೇಕು. ಆದರೆ ಹಲವು ಕ್ಯಾಲ್ಕುಲೇಟರ್‌ಗಳು ಅಂಕಗಳನ್ನು ಕೇಳುವುದೇ ಇಲ್ಲ, ಹಾಗಾಗಿ ಮೆರಿಟ್ ಹಣ ಆ ಲೆಕ್ಕದಲ್ಲಿ ಬರುವುದಿಲ್ಲ. ಅರ್ಲಿ ಡಿಸಿಷನ್‌ನಲ್ಲಿ ಅರ್ಜಿ ಹಾಕಿದವರು ಬರುವುದಾಗಿ ಮೊದಲೇ ಮಾತು ಕೊಟ್ಟಿರುವುದರಿಂದ ಬೇರೆ ಕಾಲೇಜಿನ ಪತ್ರದೊಂದಿಗೆ ಹೋಲಿಸುವಂತೆಯೂ ಇಲ್ಲ. ಈ ದೃಷ್ಟಿಯಿಂದ, ಪಟ್ಟಿಯನ್ನು ಮೊದಲೇ ಪ್ರಕಟಿಸುವ ಅಲಬಾಮಾದಂಥ ವಿಶ್ವವಿದ್ಯಾಲಯ ಹೆಚ್ಚು ಪ್ರಾಮಾಣಿಕವಾಗಿ ನಡೆದುಕೊಳ್ಳುತ್ತಿದೆ ಎಂದೇ ನನ್ನ ಅಭಿಪ್ರಾಯ. ಮೆರಿಟ್ ಹಣ ಕೊಡುವ ಪ್ರತಿಯೊಂದು ಕಾಲೇಜಿಗೂ ಕಾನೂನು ಇಷ್ಟನ್ನಾದರೂ ಕಡ್ಡಾಯ ಮಾಡಬೇಕು.

ಪತ್ರ ಕೈಗೆ ಬಂದ ಮೇಲೂ ಕೇಳಬೇಕಾದ್ದು ಉಳಿದಿರುತ್ತದೆ. ಸ್ಕಾಲರ್‌ಶಿಪ್ ಮುಂದುವರಿಯಲು ಕಾಲೇಜಿನ ಜಿಪಿಎ ಕೆಲವೆಡೆ 3.0, ಕೆಲವೆಡೆ 3.5 ಇರಬೇಕು. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಮೊದಲ ವರ್ಷದ ಕ್ಯಾಲ್ಕುಲಸ್, ಭೌತವಿಜ್ಞಾನದಲ್ಲೇ 3.5 ಕೈತಪ್ಪಬಹುದು. ಹೊರಗಿನ ಸಂಸ್ಥೆಯಿಂದ ಸ್ಕಾಲರ್‌ಶಿಪ್ ಬಂದರೆ ತಮ್ಮ ಪಾಲನ್ನು ಅಷ್ಟೇ ಕಡಿತ ಮಾಡುವ ಕಾಲೇಜುಗಳೂ ಇವೆ. ಮೊದಲ ವರ್ಷ ಈ ಹಣ ಪಡೆದವರಲ್ಲಿ ಎಷ್ಟು ಮಂದಿ ನಾಲ್ಕನೇ ವರ್ಷದಲ್ಲೂ ಪಡೆಯುತ್ತಿದ್ದಾರೆ ಎಂದು ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ ಬರವಣಿಗೆಯಲ್ಲಿ ಕೇಳಿ. ಆ ಅಂಕಿ ಅವರ ಬಳಿ ಇರುತ್ತದೆ. ಸಾಮಾನ್ಯವಾಗಿ ಸೀಟು ಖಚಿತಪಡಿಸಬೇಕಾದ ಕೊನೆಯ ದಿನ ಮೇ 1. ಉತ್ತರ ಅದಕ್ಕೆ ಮುಂಚೆ ಬರಬೇಕು.